ತಾಂಡಾದ ಹೆಂಗಸರೂ ಪಟ್ಟಣದ ಶಸ್ತ್ರಚಿಕಿತ್ಸೆಯೂ

ವೈದ್ಯರಿಲ್ಲದೆ ಜನ ನರಳುತ್ತಾರೆಂಬುದು ಎಲ್ಲರೂ ಬಲ್ಲ ಮಾತು. ವೈದ್ಯರು ಬಳಿಯಲ್ಲಿಲ್ಲವೆಂಬ ಕಾರಣದಿಂದಲೇ ಜನ ಬೇಡದ ಚಿಕಿತ್ಸೆಗೆ ತುತ್ತಾಗುತ್ತಾರೆಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬಂದುದಲ್ಲ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಹೆಂಗಸರ ಸಂಗತಿ ಇವೆರಡನ್ನೂ ಒಟ್ಟಿಗೆ ತೋರಿಸಿಕೊಡುತ್ತದೆ. ಹಿಂದುಳಿದ ಪ್ರದೇಶಕ್ಕೆ ವೈದ್ಯಸೌಕರ್ಯ ಮುಟ್ಟಿಲ್ಲವೆಂದು ಬರೆಯುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಸಭೆಗಳಲ್ಲಿ ಹಾಗೆ ಭಾಷಣವನ್ನೂ ಮಾಡುತ್ತೇವೆ. ಆದರೆ ಮುಟ್ಟದೆ ಹೋದದ್ದು ಯಾವುದು, ಮುಟ್ಟಿದ್ದು ಯಾವುದು ಎಂದು ಬಿಡಿಸಿ ನೋಡಿದರೆ ಚಿತ್ರ ಬೇರೆಯಾಗಿಯೇ ಕಾಣುತ್ತದೆ. ಮುಟ್ಟದೆ ಹೋದದ್ದು ನಾಡಿ ನೋಡುವ ಕೈ, ಎರಡು ಮಾತು ಕೇಳುವ ಕಿವಿ, ಹತ್ತು ದಿನದ ಗುಳಿಗೆ. ಮುಟ್ಟಿದ್ದು ಕತ್ತರಿ.

ಕಲಬುರಗಿಯಿಂದ ಹುಮನಾಬಾದಿನ ಹೆದ್ದಾರಿ ಹಿಡಿದು, ಮಹಾಗಾಂವ ಕ್ರಾಸು ದಾಟಿ, ಸುಮಾರು ೩೫ ಕಿಲೋಮೀಟರು ಹೋದರೆ ಕಮಲಾಪುರ ಸಿಕ್ಕುತ್ತದೆ. ಅಲ್ಲಿನ ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯಿದೆ. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಒಂದು ಚಿಪ್ಪು ಕೊಳ್ಳದೆ ಮುಂದೆ ಹೋಗುವುದಿಲ್ಲ. ೨೦೧೭ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲೂಕುಗಳಲ್ಲಿ ಕಮಲಾಪುರವೂ ಒಂದು. ಊರಿನಲ್ಲಿ ಸರಕಾರಿ ದವಾಖಾನೆಯಿದೆ. ಆದರೆ ತಾಂಡಾಗಳಿರುವುದು ಹೆದ್ದಾರಿಯ ಮೇಲಲ್ಲ. ಅವು ರಸ್ತೆಯಿಂದ ಒಳಕ್ಕೆ, ಚಿಂಚೋಳಿಯ ಕಡೆಗೆ ಏರುತ್ತ ಹೋಗುವ ಗುಡ್ಡದ ಓರೆಗಳಲ್ಲಿ, ಕಲ್ಲುಭೂಮಿಯ ಅಂಚಿನಲ್ಲಿ ಚದರಿಕೊಂಡಿವೆ. ಎತ್ತುಗಳ ಮೇಲೆ ಉಪ್ಪು-ಧಾನ್ಯ ಹೇರಿಕೊಂಡು ದೇಶವನ್ನೆಲ್ಲ ಸುತ್ತಿದ ಬಂಜಾರರು, ರೈಲು ಬಂದು ಆ ಉದ್ಯೋಗ ಕಳೆದುಕೊಂಡ ಮೇಲೆ, ಇತರರು ಬೇಡವೆಂದು ಬಿಟ್ಟ ನೆಲದಲ್ಲಿಯೇ ನೆಲೆಯೂರಬೇಕಾಯಿತು. ತೊಗರಿಯ ಕಣಜವೆಂದು ಹೆಸರಾದ ಈ ಜಿಲ್ಲೆಯಲ್ಲಿ ಒಳ್ಳೆಯ ಕರಿಮಣ್ಣು ಅವರ ಪಾಲಿಗೆ ಬಂದದ್ದು ಕಡಿಮೆ. ಸುಗ್ಗಿ ಮುಗಿಯುತ್ತಲೇ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಕಲ್ಲು-ಮಣ್ಣಿನ ಕೆಲಸಕ್ಕೆ ಗುಳೆ ಹೊರಡುವುದು ಅವರಿಗೆ ವಾಡಿಕೆಯಾಗಿದೆ.

ಈ ತಾಂಡಾಗಳ ಮತ್ತು ದಲಿತ ಕೇರಿಗಳ ಹೆಂಗಸರ ಸುದ್ದಿ ೨೦೧೫ರಲ್ಲಿ ಪತ್ರಿಕೆಗಳ ಮುಖಪುಟಕ್ಕೆ ಬಂದಿತು. ಕಲಬುರಗಿ ನಗರದ ನಾಲ್ಕು ಖಾಸಗಿ ಆಸ್ಪತ್ರೆಗಳಲ್ಲಿ ಸುಮಾರು ೩೦ ತಿಂಗಳ ಅವಧಿಯಲ್ಲಿ ೨,೨೫೮ ಹೆಂಗಸರಿಗೆ ಗರ್ಭಕೋಶ ತೆಗೆಯುವ ಶಸ್ತ್ರಕ್ರಿಯೆ ನಡೆದಿದೆಯೆಂಬ ಲೆಕ್ಕ ಹೊರಬಿದ್ದಿತು. ಆರೋಗ್ಯ ಇಲಾಖೆ ವಿಚಾರಣೆ ನಡೆಸಿತು. ಆ ಆಸ್ಪತ್ರೆಗಳ ಪರವಾನಗಿ ರದ್ದುಪಡಿಸಬೇಕೆಂಬ ಶಿಫಾರಸೂ ಬಂದಿತು. ಹೊಟ್ಟೆನೋವು, ಟೊಂಕನೋವು, ಬಿಳಿಸೆರಗು ಎಂದು ಹೋದವರಿಗೆ, ಚೀಲ ತೆಗೆಸದಿದ್ದರೆ ಕ್ಯಾನ್ಸರ್ ಆದೀತೆಂದು ಭಯ ಹುಟ್ಟಿಸಲಾಯಿತೆಂಬುದು ಹೆಂಗಸರ ದೂರು. ಅವರಲ್ಲಿ ನಲವತ್ತು ದಾಟದವರು ಅನೇಕರಿದ್ದರು. ೨೦೧೭ರ ಫೆಬ್ರವರಿಯಲ್ಲಿ, ಕರ್ನಾಟಕ ಜನಾರೋಗ್ಯ ಚಳುವಳಿಯೇ ಮೊದಲಾದ ಸಂಘಟನೆಗಳ ಜೊತೆಗೂಡಿ, ಈ ಹೆಂಗಸರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಕಲಬುರಗಿಯ ಬೀದಿಗಿಳಿದರು. ಶಿಫಾರಸಾದ ಮೇಲೂ ಆಸ್ಪತ್ರೆಗಳು ನಡೆಯುತ್ತಲೇ ಇವೆಯೆಂಬುದು ಅಂದು ಅವರ ಮುಖ್ಯ ಆಕ್ಷೇಪವಾಗಿತ್ತು. ಒಡಲಿನ ಗುಟ್ಟನ್ನು ಗಂಡನೆದುರಿಗೂ ಬಾಯಿಬಿಟ್ಟು ಹೇಳದ ಹೆಂಗಸರು ಅದೇ ಮಾತನ್ನು ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ಕೂಗಿ ಹೇಳಬೇಕಾಗಿ ಬಂದಿತೆಂದರೆ, ಅವರ ಸಹನೆ ಎಲ್ಲಿಯವರೆಗೆ ಹೋಗಿ ಮುಗಿದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಇದನ್ನು ಕೇವಲ ನಾಲ್ಕು ಆಸ್ಪತ್ರೆಗಳ ದುರಾಶೆಯೆಂದು ಮುಗಿಸಿಬಿಡುವುದು ಸುಲಭ. ದುರಾಶೆಯಿರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ದುರಾಶೆ ಎಲ್ಲ ಪಟ್ಟಣಗಳಲ್ಲಿಯೂ ಇರುತ್ತದೆ. ಎರಡು ಸಾವಿರ ಹೆಂಗಸರು ಅದರ ಬಾಗಿಲಿಗೆ ತಾವಾಗಿಯೇ ನಡೆದು ಬರುವ ದಾರಿ ಎಲ್ಲ ಕಡೆಗೂ ಇರುವುದಿಲ್ಲ. ಆ ದಾರಿಯನ್ನು ನೋಡಬೇಕು.

ತಾಂಡಾದ ಹೆಣ್ಣುಮಗಳಿಗೆ ಹದಿನಾರು-ಹದಿನೇಳಕ್ಕೆ ಮದುವೆಯಾಗುವುದು ಇನ್ನೂ ನಿಂತಿಲ್ಲ. ಇಪ್ಪತ್ತೈದರೊಳಗೆ ಎರಡು-ಮೂರು ಹೆರಿಗೆ ಮುಗಿದು, ಸಂತಾನಹರಣ ಶಸ್ತ್ರಕ್ರಿಯೆಯೂ ಆಗಿರುತ್ತದೆ. ಸರಕಾರದ ಆರೋಗ್ಯ ವ್ಯವಸ್ಥೆ ಆಕೆಯನ್ನು ಬಸುರಿಯೆಂದು, ಬಾಣಂತಿಯೆಂದು, ಕುಟುಂಬ ಯೋಜನೆಯ ಫಲಾನುಭವಿಯೆಂದು ಬರೆದುಕೊಂಡಿರುತ್ತದೆ. ಅದಾದ ಮೇಲೆ ಆಕೆಯ ಹೆಸರು ವಹಿಯಲ್ಲಿ ಬರುವ ಪ್ರಸಂಗವೇ ಕಡಿಮೆ. ರೋಗ ಶುರುವಾಗುವುದು ಆಮೇಲೆ. ತಲೆಯ ಮೇಲೆ ಕೊಡ, ಕಟ್ಟಡದ ಕೆಲಸದಲ್ಲಿ ಇಟ್ಟಿಗೆ-ಸಿಮೆಂಟು, ಶೌಚಕ್ಕೆ ಮರೆಯಿಲ್ಲದ ಗುಳೆಯ ಬದುಕು, ಅರೆಹೊಟ್ಟೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ೪೮ ಮಂದಿ ರಕ್ತಹೀನರು. ಬಿಳಿಸೆರಗೆಂದರೆ ಬಹುಸಲ ಒಂದು ಸೋಂಕು. ಕೆಲವೊಮ್ಮೆ ಸೋಂಕೂ ಅಲ್ಲ, ಅಶಕ್ತತೆಯ ದುಗುಡ. ಸೋಂಕಾದರೆ ಗುಳಿಗೆಗೆ ಹೋಗುತ್ತದೆ; ಎಷ್ಟೋ ಸಲ ಗಂಡನಿಗೂ ಜೊತೆಯಲ್ಲಿಯೇ ಗುಳಿಗೆ ಕೊಡಬೇಕಾಗುತ್ತದೆ. ಕೊಡದಿದ್ದರೆ ಮರಳಿ ಬರುತ್ತದೆ. ಮರಳಿ ಮರಳಿ ಬಂದಾಗ ಹೆಣ್ಣು ‘ಇದು ಗುಳಿಗೆಗೆ ಹೋಗುವ ಬೇನೆಯಲ್ಲ’ ಎಂಬ ತೀರ್ಮಾನಕ್ಕೆ ಬರುತ್ತಾಳೆ. ಪಕ್ಕದ ಮನೆಯವಳು ‘ದೊಡ್ಡ ಆಪರೇಷನ್’ ಮಾಡಿಸಿಕೊಂಡು ಬಂದಿರುತ್ತಾಳೆ. ಮಕ್ಕಳಾಗಿಯಾಯಿತು, ಇನ್ನು ಆ ಚೀಲದಿಂದ ಆಗಬೇಕಾದ್ದೇನೆಂಬ ಮಾತು ವೈದ್ಯರ ಬಾಯಿಂದ ಬರುವುದಕ್ಕಿಂತ ಮೊದಲೇ ಅತ್ತೆ, ನಾದಿನಿಯರ ಬಾಯಿಂದ ಬಂದಿರುತ್ತದೆ. ಸ್ಕ್ಯಾನಿಂಗಿನಲ್ಲಿ ಒಂದು ನೆರಳು ಕಂಡರೆ ಸಾಕು, ಅದು ‘ಗಡ್ಡೆ’ಯಾಗುತ್ತದೆ, ಗಡ್ಡೆಯ ಹಿಂದೆಯೇ ಕ್ಯಾನ್ಸರಿನ ಹೆಸರು. ಸಾಲ ಮಾಡಿಯೋ ಬೆಳ್ಳಿಯನ್ನು ಒತ್ತೆಯಿಟ್ಟೋ ಹಣ ಹೊಂದಿಸುತ್ತಾರೆ.

ಗರ್ಭಕೋಶದ ಕ್ಯಾನ್ಸರು, ಯಾವ ಔಷಧಕ್ಕೂ ನಿಲ್ಲದ ರಕ್ತಸ್ರಾವ, ದೊಡ್ಡದಾಗಿ ಬೆಳೆದ ಗಂಟು, ಗರ್ಭಕೋಶ ಜಾರುವುದು ಇಂಥ ಸಂದರ್ಭಗಳಲ್ಲಿ ಈ ಶಸ್ತ್ರಕ್ರಿಯೆ ಜೀವ ಉಳಿಸುತ್ತದೆ, ಬದುಕನ್ನು ಸಹ್ಯ ಮಾಡುತ್ತದೆ. ಅದನ್ನು ಅಲ್ಲಗಳೆಯುವ ಅವಿವೇಕ ಬೇಡ. ಆದರೆ ಗುಳಿಗೆಗೆ ಹೋಗುವ ಸೋಂಕಿಗೆ ಅದು ಮದ್ದಲ್ಲ. ಅಂಡಾಶಯಗಳನ್ನೂ ಜೊತೆಗೆ ತೆಗೆದರಂತೂ ಮೂವತ್ತರ ಹೆಣ್ಣು ಒಂದೇ ದಿನದಲ್ಲಿ ಮುಟ್ಟು ನಿಂತ ವಯಸ್ಸಿಗೆ ಬಂದುಬಿಡುತ್ತಾಳೆ. ಮೂಳೆ ಸವೆಯುವುದು, ಮೈ ಉರಿಯುವುದು, ಹೃದಯದ ಬೇನೆಯ ಅಪಾಯ ಎಲ್ಲವೂ ಇಪ್ಪತ್ತು ವರ್ಷ ಮುಂಚಿತವಾಗಿ ಬರುತ್ತವೆ. ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ಕಾಲದ ತೊಂದರೆಗಳು ಬೇಗ ಬರುವ ಸಂಭವವುಂಟು. ಕೂಲಿಯನ್ನೇ ನಂಬಿದ ಮನೆಯಲ್ಲಿ ಮೂಳೆ ಸವೆಯಿತೆಂದರೆ ಅದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಹೋದದ್ದು ನೋವೆಂದುಕೊಂಡು ಮನೆಗೆ ಬಂದವಳಿಗೆ ಆ ಟೊಂಕನೋವು ಅಲ್ಲಿಯೇ ಕಾದು ಕುಳಿತಿರುತ್ತದೆ.

ಇಷ್ಟಕ್ಕೂ ಕಲಬುರಗಿಯಲ್ಲಿ ವೈದ್ಯವಿದ್ಯೆಗೆ ಬರವಿದೆಯೇ? ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯ ೧೯೬೩ರಷ್ಟು ಹಿಂದಿನದು. ಖಾಜಾ ಬಂದಾನವಾಜ್ ಹೆಸರಿನ ಕಾಲೇಜಿದೆ. ಸರಕಾರದ ‘ಜಿಮ್ಸ್’ ಇದೆ. ಕಾರ್ಮಿಕ ವಿಮೆಯ ಕಾಲೇಜಿದೆ. ಒಂದೇ ನಗರದಲ್ಲಿ ನಾಲ್ಕು ವೈದ್ಯಕೀಯ ಕಾಲೇಜು! ಹೃದ್ರೋಗಕ್ಕೆ ಜಯದೇವ ಸಂಸ್ಥೆಯ ಆಸ್ಪತ್ರೆಯೂ ಬಂದಿದೆ. ಇವಕ್ಕೆ ೩೫ ಕಿಲೋಮೀಟರು ದೂರದಲ್ಲಿರುವ ತಾಲೂಕಿನ ಹೆಣ್ಣುಮಗಳು ದೊಡ್ಡ ಶಸ್ತ್ರಕ್ರಿಯೆಗೆ ಮೊದಲು ಒಮ್ಮೆಯೂ ಸ್ತ್ರೀವೈದ್ಯೆಯ ಕೈಯಲ್ಲಿ ಸರಿಯಾಗಿ ಪರೀಕ್ಷೆ ಮಾಡಿಸಿಕೊಂಡಿರುವುದಿಲ್ಲವೆಂಬುದೇ ಆಶ್ಚರ್ಯ. ಸಮುದಾಯ ಆರೋಗ್ಯ ಕೇಂದ್ರವೊಂದರಲ್ಲಿ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರಿರಬೇಕೆಂದು ನಿಯಮವಿದೆ. ೨೦೨೧-೨೨ರ ಕೇಂದ್ರ ಸರಕಾರದ ಗ್ರಾಮೀಣ ಆರೋಗ್ಯ ಅಂಕಿ-ಅಂಶಗಳ ಪ್ರಕಾರ, ದೇಶದ ಇಂಥ ಕೇಂದ್ರಗಳಿಗೆ ಬೇಕಾದ ಸ್ತ್ರೀರೋಗ ತಜ್ಞರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಕೊರತೆಯಿತ್ತು. ಉಳಿದಿರುವ ವೈದ್ಯರು ಪುರುಷರಾದರೆ ತಾಂಡಾದ ಹೆಂಗಸು ‘ಹೊಟ್ಟೆನೋವು’ ಎಂದಷ್ಟೇ ಹೇಳಿ ಎದ್ದು ಬರುತ್ತಾಳೆ. ಅವರೂ ಹೊಟ್ಟೆನೋವಿಗಷ್ಟೇ ಗುಳಿಗೆ ಬರೆಯುತ್ತಾರೆ.

ನಗರದ ದೊಡ್ಡ ಸರಕಾರಿ ಆಸ್ಪತ್ರೆಗೇ ನೇರವಾಗಿ ಬರಬಾರದೇ ಎಂದು ಕೇಳುವವರುಂಟು. ೨೦೨೩ರ ಜೂನಿನಿಂದ ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟಿನ ಖರ್ಚೂ ಇಲ್ಲ. ನಿಜ, ಇದು ದೊಡ್ಡ ಅನುಕೂಲವೇ. ಆದರೆ ಬಸ್ಸು ನಿಲ್ಲುವುದು ಕ್ರಾಸಿನಲ್ಲಿ. ಕ್ರಾಸಿಗೆ ನಡೆದು, ಬಸ್ಸು ಹಿಡಿದು, ಚೀಟಿಯ ಸಾಲಿನಲ್ಲಿ ನಿಂತು, ಒಳಗೆ ಹೋಗುವ ಹೊತ್ತಿಗೆ ಹೊರರೋಗಿ ವಿಭಾಗ ಮುಚ್ಚುವ ಸಮಯ. ‘ರಕ್ತ ಪರೀಕ್ಷೆ ಮಾಡಿಸಿ ನಾಳೆ ಬಾ’ ಎಂದರೆ ಎರಡು ದಿನದ ಕೂಲಿ ಹೋಯಿತು. ಖಾಸಗಿಯವರು ಅದೇ ದಿನ ನೋಡುತ್ತಾರೆ, ಅದೇ ದಿನ ಸ್ಕ್ಯಾನಿಂಗು, ಬೇಕೆಂದರೆ ಮರುದಿನವೇ ಶಸ್ತ್ರಕ್ರಿಯೆ. ಬಡವರ ಪಾಲಿಗೆ ಸಮಯವೇ ಹಣವಾದ್ದರಿಂದ ಹಣ ಕೊಟ್ಟು ಸಮಯವನ್ನು ಕೊಳ್ಳುತ್ತಾರೆ. ೨೦೧೫-೧೬ರ ಸಮೀಕ್ಷೆಯಲ್ಲಿ ದೇಶದ ಗರ್ಭಕೋಶ ಶಸ್ತ್ರಕ್ರಿಯೆಗಳಲ್ಲಿ ಮೂರರಲ್ಲಿ ಎರಡು ಪಾಲು ಖಾಸಗಿಯಲ್ಲಿಯೇ ಆಗಿದ್ದವೆಂಬುದಕ್ಕೆ ಇದೂ ಒಂದು ಕಾರಣವಿರಬೇಕು.

ಇನ್ನು ಎಣಿಕೆಯ ಮಾತು. ಬಯಲುಸೀಮೆಯಲ್ಲಿ ೩೦,೦೦೦ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ೫,೦೦೦ ಜನಕ್ಕೊಂದು ಉಪಕೇಂದ್ರ ಎಂಬುದು ನಮ್ಮ ದೇಶದ ಅಳತೆ. ಗುಡ್ಡಗಾಡು ಮತ್ತು ಗಿರಿಜನ ಪ್ರದೇಶವಾದರೆ ೨೦,೦೦೦ಕ್ಕೆ ಮತ್ತು ೩,೦೦೦ಕ್ಕೆ. ಲಂಬಾಣಿಗರು ಗಿರಿಜನರೇ? ಇದಕ್ಕೆ ಉತ್ತರ ಅವರು ಗಡಿಯ ಯಾವ ಬದಿಗಿದ್ದಾರೆಂಬುದನ್ನು ಅವಲಂಬಿಸಿದೆ. ಚಿಂಚೋಳಿ ದಾಟಿ ತೆಲಂಗಾಣಕ್ಕೆ ಕಾಲಿಟ್ಟರೆ ಅವರು ಪರಿಶಿಷ್ಟ ಪಂಗಡ; ಇತ್ತ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ; ಮಹಾರಾಷ್ಟ್ರಕ್ಕೆ ಹೋದರೆ ವಿಮುಕ್ತ ಜಾತಿ. ತೆಲಂಗಾಣ ಭಾಗದ ಲಂಬಾಣಿಗರನ್ನು ಪಂಗಡಕ್ಕೂ ಕಲಬುರಗಿಯ ಲಂಬಾಣಿಗರನ್ನು ಜಾತಿಗೂ ಸೇರಿಸಿದ್ದು ಒಂದೇ ಕಾಯಿದೆ, ೧೯೭೬ರದು. ಒಂದೇ ಮಾತು, ಒಂದೇ ಉಡುಗೆ, ಒಬ್ಬನೇ ಸೇವಾಲಾಲ. ಹೆಣ್ಣು ಕೊಟ್ಟು ತರುವ ಸಂಬಂಧಗಳು ಗಡಿಯ ಆಚೆ-ಈಚೆ. ಮೀಸಲಾತಿಯ ವಾದ ಇಲ್ಲಿ ನನಗೆ ಬೇಡ. ದಾದಿಯೊಬ್ಬಳು ಎಷ್ಟು ಗುಡ್ಡ ಹತ್ತಿ ಎಷ್ಟು ಮನೆಗೆ ಹೋಗಬೇಕೆಂಬುದನ್ನು ಭೂಮಿಯ ಏರಿಳಿತ ನಿರ್ಧರಿಸಬೇಕೇ ಹೊರತು, ಈ ಪಟ್ಟಿ ಆ ಪಟ್ಟಿಗಳಲ್ಲ ಎಂಬುದಷ್ಟೇ ನನ್ನ ಮಾತು.

ಅಳತೆಗಿಂತ ಮೊದಲು ಊರು ದಾಖಲೆಯಲ್ಲಿರಬೇಕು. ಎಷ್ಟೋ ತಾಂಡಾಗಳು ತಲೆಮಾರುಗಳಿಂದ ಇದ್ದರೂ ಕಂದಾಯ ಗ್ರಾಮಗಳಾಗಿರಲಿಲ್ಲ. ಹತ್ತಿರದ ಊರಿನ ಬಾಲವಾಗಿ ಲೆಕ್ಕದಲ್ಲಿ ಬರುತ್ತಿದ್ದವು. ೨೦೨೩ರ ಜನವರಿ ೧೯ರಂದು ಇದೇ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಮಂತ್ರಿಗಳು ಐವತ್ತು ಸಾವಿರಕ್ಕೂ ಮೇಲ್ಪಟ್ಟ ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ಸುಮಾರು ೧,೪೭೫ ದಾಖಲೆರಹಿತ ವಸತಿಗಳು ಹೊಸ ಕಂದಾಯ ಗ್ರಾಮಗಳೆಂದು ಘೋಷಿತವಾಗಿದ್ದವು. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ; ಕನ್ನಡ ನಾಡಿನ ಎಲ್ಲೆಯನ್ನು ಹೇಳುವ ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ. ಕನ್ನಡದ ಅಧ್ಯಾಪಿಕೆಗೆ ಅದನ್ನು ನೆನೆಯದೆ ಇರಲಾಗುವುದಿಲ್ಲ. ಆ ಎಲ್ಲೆಯೊಳಗೇ ಇದ್ದು ಹೆಸರಿಲ್ಲದಿದ್ದ ಊರುಗಳಿಗೆ ಅಲ್ಲಿಯೇ ಹೆಸರು ಸಿಕ್ಕಿತು. ಹಕ್ಕುಪತ್ರ ಮನೆಗೆ ಬಂದಿತು. ದಾದಿ ಬರುವುದು ಇನ್ನೊಂದು ಇಲಾಖೆಯ ಕಡತ.

ನಾನು ವಿಶೇಷವಾಗಿ ಹೇಳಬೇಕೆಂದಿರುವುದು ಭಾಷೆಯ ಸಂಗತಿಯನ್ನು. ಹಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿದ್ದ ತಾಂಡಾದ ಹುಡುಗಿಯೊಬ್ಬಳು ಎರಡು ವಾರ ಕಾಲೇಜಿಗೆ ಬರಲಿಲ್ಲ. ಬಂದ ಮೇಲೆ ಕೇಳಿದರೆ, “ನಮ್ಮ ಯಾಡಿದು ಚೀಲ ತೆಗಿಸೀವ್ರಿ ಮೇಡಂ” ಎಂದಳು. ಯಾಡಿಯೆಂದರೆ ಗೋರ್ ಬೋಲಿಯಲ್ಲಿ ತಾಯಿ. ತಾಯಿಗೆ ವಯಸ್ಸೆಷ್ಟೆಂದರೆ ಮೂವತ್ತಾರೋ ಮೂವತ್ತೇಳೋ. ಅಂದರೆ ನನಗಿಂತ ಚಿಕ್ಕವಳು. ಏನಾಗಿತ್ತೆಂದು ಕೇಳಿದಾಗ ಆಕೆ ತಂದು ತೋರಿಸಿದ ಕಾಗದಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಒಪ್ಪಿಗೆಯ ಪತ್ರವೂ ಅಷ್ಟೇ. ಕೆಳಗೆ ತಾಯಿಯ ಹೆಬ್ಬೆಟ್ಟು, ಪಕ್ಕದಲ್ಲಿ ತಂದೆಯ ವಕ್ರವಾದ ಕನ್ನಡ ರುಜು. “ನಾನೇ ಒಳಗ ಹೋಗಿ ಡಾಕ್ಟರಿಗಿ ಹೇಳಬೇಕಾಯ್ತ್ರಿ, ಯಾಡಿಗಿ ಕನ್ನಡ ಛಲೋ ಬರಂಗಿಲ್ಲ. ಅಪ್ಪನ ಮುಂದ ಅದೆಲ್ಲ ಹೆಂಗ ಹೇಳದ್ರಿ? ಅರ್ಧ ಹೇಳಿದ, ಅರ್ಧ ಬಿಟ್ಟ” ಎಂದು ಹುಡುಗಿ ತಲೆ ತಗ್ಗಿಸಿದಳು. ತಾಯಿ ಗೋರ್ ಬೋಲಿಯಲ್ಲಿ ಮಗಳಿಗೆ ಪಿಸುಗುಟ್ಟಿದ್ದು, ಮಗಳು ನಾಚಿಕೊಂಡು ಕನ್ನಡಕ್ಕೆ ತಂದದ್ದು, ವೈದ್ಯರು ಇಂಗ್ಲಿಷಿನಲ್ಲಿ ಬರೆದುಕೊಂಡದ್ದು: ಈ ಮೂರು ಮಜಲುಗಳಲ್ಲಿ ರೋಗದ ಎಷ್ಟು ಭಾಗ ಉಳಿದಿತ್ತೋ! ಉತ್ತರವಾಗಿ ವೈದ್ಯರು ಹೇಳಿದ ಅಪಾಯಗಳು ಅದೇ ದಾರಿಯಲ್ಲಿ ಹಿಂದಿರುಗುವಾಗ ‘ತೆಗಿಸಿದರ ಆರಾಮಾಗ್ತದ’ ಎಂಬ ಎರಡು ಪದಗಳಾಗಿ ಉಳಿದುಕೊಂಡವು. ಆ ತಾಯಿಗೆ ಶಸ್ತ್ರಕ್ರಿಯೆ ಬೇಕಿತ್ತೋ ಇಲ್ಲವೋ ತೀರ್ಮಾನಿಸಲು ನಾನು ವೈದ್ಯೆಯಲ್ಲ. ಆಕೆ ಒಪ್ಪಿಗೆ ಕೊಟ್ಟಿರಲಿಲ್ಲವೆಂಬುದನ್ನು ಹೇಳಲು ಮಾತ್ರ ಕನ್ನಡ ಎಂ.ಎ. ಸಾಕು.

ಇದು ನನ್ನ ಭಾವುಕತೆಯಲ್ಲ, ನೆಲದ ಕಾನೂನು. ರಕ್ತಸ್ರಾವಕ್ಕೆಂದು ಹೋದ ಮಹಿಳೆಯೊಬ್ಬರಿಗೆ ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆದ ಪ್ರಸಂಗವೊಂದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಸಮೀರಾ ಕೋಹ್ಲಿ ಪ್ರಕರಣವೆಂದು ಪ್ರಸಿದ್ಧವಾದ ಆ ೨೦೦೮ರ ತೀರ್ಪಿನಲ್ಲಿ, ಒಪ್ಪಿಗೆಯೆಂಬುದು ರೋಗಿಯೇ ತಿಳಿದು ಕೊಟ್ಟ ನಿಜವಾದ ಒಪ್ಪಿಗೆಯಾಗಿರಬೇಕು, ಚಿಕಿತ್ಸೆಯ ಸ್ವರೂಪ, ಬೇರೆ ದಾರಿಗಳು, ಅಪಾಯಗಳು ಆಕೆಗೆ ತಿಳಿದಿರಬೇಕು ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ತಿಳಿಯದ ಭಾಷೆಯಲ್ಲಿ ತಿಳಿವಳಿಕೆ ಹೇಗೆ ಬರಬೇಕು? ಕನ್ನಡವನ್ನು ಆಡಳಿತ ಭಾಷೆ ಮಾಡಬೇಕೆಂದು ಹೋರಾಡಿದ ನಾವು ಆಸ್ಪತ್ರೆಯ ಒಪ್ಪಿಗೆ ಪತ್ರದ ಕಡೆಗೆ ಕಣ್ಣು ಹಾಯಿಸಲೇ ಇಲ್ಲ. ನಮ್ಮ ಕನ್ನಡ ಅಲ್ಲಿಗೆ ಬಂದರೂ ತಾಂಡಾದವಳಿಗೆ ಅದು ಎರಡನೆಯ ಭಾಷೆ ಎಂಬುದನ್ನು ಮರೆಯಕೂಡದು.

ಕಾನೂನಿನ ಕೈ ಈ ವಿಷಯದಲ್ಲಿ ಎಷ್ಟು ಉದ್ದವಿದೆಯೆಂದು ನೋಡೋಣ. ಖಾಸಗಿ ವೈದ್ಯಕೀಯ ಸಂಸ್ಥೆಗಳ ನಿಯಂತ್ರಣಕ್ಕೆ ಕರ್ನಾಟಕದಲ್ಲಿ ೨೦೦೭ರ ಕಾಯಿದೆಯಿದೆ. ಅದನ್ನು ಬಿಗಿಗೊಳಿಸಲು ೨೦೧೭ರಲ್ಲಿ ತಿದ್ದುಪಡಿ ತಂದಾಗ ರಾಜ್ಯದ ಖಾಸಗಿ ವೈದ್ಯರು ನವೆಂಬರಿನಲ್ಲಿ ಮುಷ್ಕರ ಹೂಡಿ ಆಸ್ಪತ್ರೆಗಳ ಬಾಗಿಲು ಹಾಕಿದರು. ಮಸೂದೆ ಸಡಿಲಗೊಂಡ ರೂಪದಲ್ಲಿ ಅಂಗೀಕಾರವಾಯಿತು. ವೈದ್ಯರ ಆತಂಕಗಳೆಲ್ಲ ಸುಳ್ಳೆಂದು ನಾನು ಹೇಳಲಾರೆ. ಆದರೆ ಅದೇ ವರ್ಷದ ಫೆಬ್ರವರಿಯಲ್ಲಿ ಕಲಬುರಗಿಯಲ್ಲಿ ಕುಳಿತಿದ್ದ ಹೆಂಗಸರಿಗೆ ಬಾಗಿಲು ಹಾಕಿ ಒತ್ತಾಯ ಹೇರಲು ಏನೂ ಇರಲಿಲ್ಲವೆಂಬುದೂ ನಿಜ. ರಾಜಸ್ಥಾನ, ಬಿಹಾರ, ಛತ್ತೀಸಗಢಗಳಿಂದಲೂ ಇಂಥವೇ ವರದಿಗಳು ಬಂದು, ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯೊಂದರ ಮೇಲೆ ಸರ್ವೋಚ್ಚ ನ್ಯಾಯಾಲಯ ೨೦೨೩ರ ಏಪ್ರಿಲಿನಲ್ಲಿ ತೀರ್ಪು ಕೊಟ್ಟಿತು. ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆ ತಡೆಯಲು ಕೇಂದ್ರ ಆರೋಗ್ಯ ಮಂತ್ರಾಲಯ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದಿತು. ರಾಷ್ಟ್ರ, ರಾಜ್ಯ, ಜಿಲ್ಲಾ ಮಟ್ಟದ ನಿಗಾ ಸಮಿತಿಗಳು, ನಲವತ್ತರೊಳಗಿನ ಹೆಂಗಸರ ಶಸ್ತ್ರಕ್ರಿಯೆಗಳ ಮೇಲೆ ವಿಶೇಷ ಪರಿಶೀಲನೆ, ತಪ್ಪಿದ ಆಸ್ಪತ್ರೆಗಳನ್ನು ಕಪ್ಪುಪಟ್ಟಿಗೆ ಸೇರಿಸುವುದು ಅದರಲ್ಲಿವೆ.

ನೆರೆಯ ಮಹಾರಾಷ್ಟ್ರದ ಬೀಡ ಜಿಲ್ಲೆ ಲೆಕ್ಕ ಹಾಕಿದರೆ ಏನು ಸಿಗುತ್ತದೆಂಬುದನ್ನು ತೋರಿಸಿದೆ. ಅಲ್ಲಿ ಕಬ್ಬು ಕಡಿಯುವ ಹೆಂಗಸರ ವಿಷಯದಲ್ಲಿ ೨೦೧೯ರಲ್ಲಿ ಗದ್ದಲವೆದ್ದಾಗ ಸರಕಾರ ಮನೆಮನೆಯ ಸಮೀಕ್ಷೆ ಮಾಡಿಸಿತು. ೮೨ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಕೇಳಲಾಗಿ ೧೩ ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡವರಿದ್ದರು. ದೇಶದ ಸರಾಸರಿ ನೂರಕ್ಕೆ ಮೂವರ ಆಸುಪಾಸಿನದು. ಅಲ್ಲಿಯೂ ಆ ಕೆಲಸಕ್ಕೆ ಹೋಗುವವರಲ್ಲಿ ಬಂಜಾರರು ಬಹಳ.

ಮೇಲಿನಿಂದ ಸಮಿತಿ ನೋಡುತ್ತಿರಲಿ. ಕೆಳಗಿನ ಬಾಗಿಲು ತೆರೆಯದಿದ್ದರೆ ಹೆಂಗಸರು ಮತ್ತೆ ಅದೇ ದಾರಿ ಹಿಡಿಯುತ್ತಾರೆ. ತಿಂಗಳಿಗೆ ಎರಡು ಗೊತ್ತಾದ ದಿನ ಸ್ತ್ರೀವೈದ್ಯೆಯೊಬ್ಬರು ಕಮಲಾಪುರದ ಆಚೆ ತಾಂಡಾಗಳ ನಡುವಿನ ಒಂದು ಜಾಗಕ್ಕೆ ಬಂದು ಕೂತರೂ ಬಹಳವಾದೀತು. ನಾಲ್ಕು ವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿನಿಯರಿರುವ ನಗರಕ್ಕೆ ಇದು ಅಸಾಧ್ಯವೇ? ಗೋರ್ ಬೋಲಿ ಬಲ್ಲ ದಾದಿಯರು ಬೇಕು. ತಾಂಡಾದ ಹುಡುಗಿಯರು ಈಗ ಪಿಯುಸಿ, ಬಿ.ಎ. ಓದುತ್ತಿದ್ದಾರೆ, ನನ್ನ ಹಾಜರಿ ಪುಸ್ತಕವೇ ಇದಕ್ಕೆ ಸಾಕ್ಷಿ. ಸಂವಿಧಾನದ ೩೭೧(ಜೆ) ವಿಧಿಯಿಂದ ಈ ಭಾಗದವರಿಗೆ ಶಿಕ್ಷಣದಲ್ಲಿಯೂ ನೌಕರಿಯಲ್ಲಿಯೂ ಮೀಸಲು ಸಿಕ್ಕಿದೆ. ಹಾಗೆ ಸೀಟು ಪಡೆದು ಡಾಕ್ಟರಾದ ನಮ್ಮ ಮಕ್ಕಳು ಈ ಭಾಗದ ಹಳ್ಳಿಯಲ್ಲಿಯೇ ಕೆಲವು ವರ್ಷ ಇರಬೇಕೆಂಬ ಕರಾರು ಮಾತ್ರ ಆ ವಿಧಿಯಲ್ಲಿಲ್ಲ. ಗುಳೆ ಹೋಗುವ ಹೆಂಗಸಿನ ಕೈಯಲ್ಲಿ ಬಸುರಿನ ತಾಯಿಕಾರ್ಡಿನಂತೆಯೇ, ಆಮೇಲಿನ ಬೇನೆಗಳಿಗೂ ಒಂದು ಚೀಟಿಯಿದ್ದರೆ, ಪುಣೆಯಲ್ಲಿ ತೆಗೆದುಕೊಂಡ ಗುಳಿಗೆ ಯಾವುದೆಂದು ಕಲಬುರಗಿಯ ವೈದ್ಯರಿಗೆ ತಿಳಿದೀತು.

ಜಿಲ್ಲಾ ಸಮಿತಿಯ ಲೆಕ್ಕ ಕಡತದಲ್ಲಿಯೇ ಉಳಿಯಬಾರದು. ಯಾವ ತಿಂಗಳು, ಯಾವ ಆಸ್ಪತ್ರೆಯಲ್ಲಿ, ನಲವತ್ತರೊಳಗಿನ ಎಷ್ಟು ಹೆಂಗಸರಿಗೆ ಈ ಶಸ್ತ್ರಕ್ರಿಯೆಯಾಯಿತು, ಅವರಲ್ಲಿ ಎಷ್ಟು ಮಂದಿಗೆ ಮೊದಲು ಔಷಧ ಕೊಟ್ಟು ನೋಡಲಾಗಿತ್ತು ಎಂಬ ಎರಡು ಅಂಕಣದ ಪಟ್ಟಿ, ಹೆಸರುಗಳನ್ನು ಬಿಟ್ಟು, ಗ್ರಾಮಸಭೆಗೆ ಬರಲಿ. ಅಲ್ಲಿ ಅದನ್ನು ಕನ್ನಡದಲ್ಲಿ ಓದಿ, ತಾಂಡಾದ ನಾಯಕ-ಕಾರಭಾರಿಗಳ ಎದುರಿಗೆ ಗೋರ್ ಬೋಲಿಯಲ್ಲಿಯೂ ಹೇಳಲಿ. ಅದನ್ನು ಓದಿ ಹೇಳಬಲ್ಲ ಹುಡುಗಿಯರು ಕಮಲಾಪುರದ ಕಡೆಯ ತಾಂಡಾಗಳಲ್ಲಿ ಈಗ ಬೇಕಾದಷ್ಟು ಮಂದಿ ಇದ್ದಾರೆ.